ಅಗಸಿ ಕಾಯುವ ವಿದ್ಯೆ

ಧಾರವಾಡವೆಂಬ ಹೆಸರು 'ದ್ವಾರವಾಟ' ಎಂಬ ಮಾತಿನಿಂದ ಬಂದಿತೆಂದು ಬಲ್ಲವರು ಹೇಳುವುದುಂಟು. ಎಂದರೆ ಬಾಗಿಲ ಊರು. ಮಲೆನಾಡಿಗೂ ಬಯಲುಸೀಮೆಗೂ ನಡುವೆ ಕೂತ ಊರಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಸಿಗಲಿಕ್ಕಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಊರ ಬಾಗಿಲಿಗೆ ಅಗಸಿ ಎನ್ನುತ್ತಾರೆ. ಹಿಂದೆ ಅಗಸಿಯ ಕಟ್ಟೆಯ ಮೇಲೆ ವಾಲೀಕಾರ ಕೂತಿರುತ್ತಿದ್ದ. ಸಂತೆಗೆ ಹೋದ ಊರಿನವರು ಮರಳಿ ಬಂದರೆ ಮಾತಿಲ್ಲದೆ ಒಳಗೆ ಬಿಡುತ್ತಿದ್ದ. ಪರಸ್ಥಳದವರು ಬಂದರೆ 'ಯಾರ ಮನಿಗೆ, ಏನ ಕೆಲಸ?' ಎಂದು ಕೇಳುತ್ತಿದ್ದ. ಪೇಟೆಗಳಲ್ಲಿ ಇದೇ ಕೆಲಸವನ್ನು ಜಕಾತಿ ನಾಕಾಗಳು ಮಾಡುತ್ತಿದ್ದವು. ಧಾರವಾಡದಲ್ಲಿ ಟೋಲ್ ನಾಕಾ ಎಂಬ ಜಾಗದ ಹೆಸರು ಇಂದಿಗೂ ಉಳಿದುಕೊಂಡಿದೆ.

ನಾನು ಇಪ್ಪತ್ತು ವರ್ಷಗಳಿಗೂ ಮೀರಿ ಮಾಡಿಕೊಂಡು ಬಂದ ಕೆಲಸ ಈ ವಾಲೀಕಾರನದೇ. ವ್ಯತ್ಯಾಸವೆಂದರೆ ನನ್ನ ಅಗಸಿಗೆ ಕಲ್ಲಿಲ್ಲ, ಕಟ್ಟೆಯಿಲ್ಲ. ಕಂಪ್ಯೂಟರ್ ಜಾಲಕ್ಕೂ ಹೊರಗಿನ ಇಂಟರ್ನೆಟ್ಟಿಗೂ ನಡುವೆ ನಿಲ್ಲುವ ಆ ಯಂತ್ರಕ್ಕೆ ಫೈರ್‌ವಾಲ್ ಎಂದು ಹೆಸರು. ಒಂದು ಮನೆಗೆ ಹತ್ತಿದ ಬೆಂಕಿ ಒತ್ತಿನ ಮನೆಗೆ ಹಬ್ಬಬಾರದೆಂದು ನಡುವೆ ಎಬ್ಬಿಸುವ ಗೋಡೆಯ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಆದರೆ ಈ ಹೆಸರು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಗೋಡೆಗೆ ವಿವೇಕ ಬೇಕಿಲ್ಲ, ನಿಂತರೆ ಸಾಕು. ಇದಕ್ಕೆ ಬಾಗಿಲು ತೆಗೆಯುವುದೂ ಗೊತ್ತಿರಬೇಕು, ಹಾಕುವುದೂ ಗೊತ್ತಿರಬೇಕು. ಈ ವಿದ್ಯೆಯನ್ನು ನಾನು ಕಲಿತ ಬಗೆಯನ್ನೂ, ಕಲಿಯುವಾಗ ಕಂಡ ಕೆಲವು ಸಂಗತಿಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ. ಓದುವ ಮಕ್ಕಳಿಗೂ, ಅವರನ್ನು ಓದಿಸುತ್ತಿರುವ ತಂದೆತಾಯಿಗಳಿಗೂ ಇದರಲ್ಲಿ ಬೇಕಾದದ್ದು ಏನಾದರೂ ಸಿಕ್ಕೀತೆಂದು ನನ್ನ ನಂಬಿಕೆ.

2002ರಲ್ಲಿ ನಾನು ಹುಬ್ಬಳ್ಳಿಯ ಒಂದು ವಿದ್ಯಾಸಂಸ್ಥೆಯ ಕಂಪ್ಯೂಟರ್ ಪ್ರಯೋಗಾಲಯಕ್ಕೆ ಸಹಾಯಕನಾಗಿ ಸೇರಿದೆ. ಅಲ್ಲಿ ಅರವತ್ತು ಯಂತ್ರಗಳಿದ್ದವು, ಹೊರಜಗತ್ತಿಗೆ ಇದ್ದದ್ದು 64 ಕಿಲೋಬಿಟ್ಟಿನ ಒಂದೇ ಒಂದು ದಾರಿ. ಇಂದು ನಿಮ್ಮ ಕೈಯಲ್ಲಿರುವ ಫೋನು ಅದರ ನೂರಾರು ಪಟ್ಟು ವೇಗದಲ್ಲಿ ಓಡುತ್ತದೆ. ಆಗ ಮಾತ್ರ ಆ ದಾರಿ ನಮಗೆ ಮಲಪ್ರಭೆಯ ಕಾಲುವೆಯಿದ್ದಂತೆ. ಎಲ್ಲರ ಹೊಲಕ್ಕೂ ಅದೇ ನೀರು. ಅದನ್ನು ನೋಡಿಕೊಳ್ಳುತ್ತಿದ್ದವರು ದೂರವಾಣಿ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ ಬಂದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಮಾಸ್ತರರೆಂದೇ ಕರೆಯುತ್ತಿದ್ದರು. ಕಂಪ್ಯೂಟರಿನಲ್ಲಿ ಅವರಿಗೆ ಪದವಿಯೇನೂ ಇರಲಿಲ್ಲ. ತಂತಿಯ ಒಂದು ತುದಿ ಹಿಡಿದರೆ ಇನ್ನೊಂದು ತುದಿಯಲ್ಲಿ ಏನಾಗುತ್ತಿದೆಯೆಂದು ಹೇಳುವ ಜಾಣ್ಮೆ ಇತ್ತು.

ನಾನು ಸೇರಿದ ನಾಲ್ಕನೆಯ ತಿಂಗಳಿಗೆ ಅವರು ಅಟ್ಟದ ಮೇಲಿದ್ದ ಒಂದು ಹಳೆಯ ಪೆಂಟಿಯಂ ಯಂತ್ರವನ್ನು ಕೆಳಗಿಳಿಸಿ, ಧೂಳು ಜಾಡಿಸಿ, ಎರಡು ನೆಟ್‌ವರ್ಕ್ ಕಾರ್ಡುಗಳನ್ನು ಸಿಕ್ಕಿಸಿದರು. 'ಒಂದು ಹೊರಗ, ಒಂದು ಒಳಗ. ನಡುವ ನಾವು' ಎಂದರು. 'ಪಿಸಿ ಕ್ವೆಸ್ಟ್' ಪತ್ರಿಕೆಯ ಜೊತೆ ಬಂದ ಲಿನಕ್ಸ್ ಸಿಡಿಯನ್ನು ಅದಕ್ಕೆ ಹಾಕಿದೆವು. ದುಡ್ಡು ಕೊಟ್ಟು ತಂದದ್ದೆಂದರೆ ಎರಡನೆಯ ಕಾರ್ಡೊಂದೇ. ನಮ್ಮ ಅಗಸಿ ಹೀಗೆ ಎದ್ದು ನಿಂತಿತು.

ಅದರ ಕೆಲಸವನ್ನು ಸರಳವಾಗಿ ಹೇಳಬಹುದು. ಇಂಟರ್ನೆಟ್ಟಿನಲ್ಲಿ ಓಡಾಡುವ ಪ್ರತಿಯೊಂದು ಸಂಗತಿಯೂ ಸಣ್ಣ ಸಣ್ಣ ಪೊಟ್ಟಣಗಳಾಗಿ ಓಡಾಡುತ್ತದೆ. ಪ್ರತಿ ಪೊಟ್ಟಣದ ಮೇಲೂ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಯಾವ ಬಾಗಿಲಿಗೆ ಎಂದು ಬರೆದಿರುತ್ತದೆ. ಆ ಬಾಗಿಲಿಗೆ ಪೋರ್ಟ್ ಎನ್ನುತ್ತಾರೆ. ಒಂದೊಂದು ಯಂತ್ರಕ್ಕೂ ಇಂಥ ಬಾಗಿಲುಗಳು 65,535. ವೆಬ್ ಪುಟಗಳಿಗೆ 80 ಮತ್ತು 443, ಅಂಚೆಗೆ 25, ಹೆಸರು ಕೇಳಿ ವಿಳಾಸ ಹೇಳುವ ಸೇವೆಗೆ 53, ಹೀಗೆ ರೂಢಿಯ ಸಂಖ್ಯೆಗಳಿವೆ. ಹುಬ್ಬಳ್ಳಿ ಜಂಕ್ಷನ್ ಇದೆಯಲ್ಲ, ಅಲ್ಲಿ ಗದಗಿನ ಗಾಡಿಯನ್ನು ಗದಗಿನ ಕಡೆಗೂ, ಲೋಂಡಾದ್ದನ್ನು ಲೋಂಡಾದ ಕಡೆಗೂ ತಿರುಗಿಸುತ್ತಾರೆ. ಜಾಲದಲ್ಲಿ ಆ ಕೆಲಸ ರೂಟರಿನದು. ಗಾಡಿಯೊಳಗೆ ಬಂದು 'ಟಿಕೀಟು ತೋರಸ್ರಿ' ಎನ್ನುವ ಕರಿ ಕೋಟಿನವರ ಕೆಲಸ ಫೈರ್‌ವಾಲಿನದು. ಆಗಿನ ನಮ್ಮ ಯಂತ್ರ ಎರಡನ್ನೂ ಮಾಡುತ್ತಿತ್ತು.

ಜೊತೆಗೆ ಇನ್ನೊಂದು ಕೆಲಸವೂ ಇತ್ತು. ಒಳಗಿನ ಅರವತ್ತು ಯಂತ್ರಗಳಿಗೆ ನಾವು 192.168 ಎಂದು ಶುರುವಾಗುವ ಮನೆಯೊಳಗಿನ ವಿಳಾಸಗಳನ್ನು ಕೊಟ್ಟಿದ್ದೆವು. ಇವು ಹೊರಜಗತ್ತಿನಲ್ಲಿ ನಡೆಯುವುದಿಲ್ಲ. ಮನೆಯಲ್ಲಿ 'ಬಾಳ್ಯಾ', 'ಗುಂಡ್ಯಾ' ಎಂದು ಕರೆಯುವ ಹೆಸರುಗಳಿದ್ದಂತೆ. 1996ರಲ್ಲಿ ಇಂಥ ವಿಳಾಸಗಳನ್ನು ಜಗತ್ತಿನವರೆಲ್ಲ ಸೇರಿ ಬೇರೆ ತೆಗೆದಿಟ್ಟರು. ಒಳಗಿನವರು ಹೊರಗೆ ಹೋಗುವಾಗ ಅಗಸಿಯ ಯಂತ್ರ ಅವರ ಮನೆಹೆಸರನ್ನು ಅಳಿಸಿ ತನ್ನ ಹೆಸರನ್ನು ಬರೆದು ಕಳಿಸುತ್ತದೆ. ಉತ್ತರ ಬಂದಾಗ ಯಾರದೆಂದು ನೆನಪಿಟ್ಟು ಅವರಿಗೇ ತಲುಪಿಸುತ್ತದೆ. ಆ ನೆನಪೇ ಅದರ ದೊಡ್ಡ ಶಕ್ತಿ. ಸಂತೆಗೆ ಹೋದ ಊರಿನವನು ಯಾರೆಂದು ನೆನಪಿದ್ದರೆ ತಾನೆ ವಾಲೀಕಾರ ಅವನನ್ನು ಮರಳಿ ಒಳಗೆ ಬಿಡುವುದು?

ಲಿನಕ್ಸಿನಲ್ಲಿ ಈ ನೆನಪಿನ ಶಕ್ತಿ ಬಂದದ್ದು 2001ರ ಜನವರಿಯಲ್ಲಿ ಹೊರಬಂದ 2.4ನೆಯ ಕರ್ನೆಲ್ಲಿನ ಜೊತೆಗೆ. ಅದರ ಹತಾರದ ಹೆಸರು ಐಪಿಟೇಬಲ್ಸ್. ಅದಕ್ಕೂ ಮುಂಚೆ ಇದ್ದ ಐಪಿಚೈನ್ಸ್‌ಗೆ ಪೊಟ್ಟಣದ ಮೇಲಿನ ವಿಳಾಸ ಓದಲು ಬರುತ್ತಿತ್ತು, ನೆನಪಿಡಲು ಬರುತ್ತಿರಲಿಲ್ಲ. 2014ರಲ್ಲಿ ಎನ್‌ಎಫ್‌ಟೇಬಲ್ಸ್ ಬಂತು. ಈ ವೃತ್ತಿಯಲ್ಲಿ ಹತಾರದ ಹೆಸರು ಬದಲಾಗುತ್ತಲೇ ಇರುತ್ತದೆ. ಕಲಿಯಬೇಕಾದದ್ದು ಹತಾರದ ಹಿಂದಿನ ವಿಚಾರವನ್ನು.

ಈ ವಿಚಾರಕ್ಕೂ ಒಂದು ಕಥೆಯಿದೆ. ಮೊದಮೊದಲು ಇಂಟರ್ನೆಟ್ಟು ಅಗಸಿಯಿಲ್ಲದ ಊರಾಗಿತ್ತು. ವಿಶ್ವವಿದ್ಯಾಲಯಗಳ ನಡುವೆ ಎಲ್ಲರೂ ಎಲ್ಲರನ್ನೂ ನಂಬಿಕೊಂಡಿದ್ದರು. 1988ರ ನವೆಂಬರ್ 2ರಂದು ಅಮೆರಿಕದ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಒಂದು ಪುಟ್ಟ ಪ್ರೋಗ್ರಾಮು ತಾನಾಗಿಯೇ ಯಂತ್ರದಿಂದ ಯಂತ್ರಕ್ಕೆ ಹರಿದಾಡಿ, ಆಗಿನ ಸುಮಾರು ಅರವತ್ತು ಸಾವಿರ ಯಂತ್ರಗಳಲ್ಲಿ ಆರು ಸಾವಿರವನ್ನು ಕೆಡಿಸಿತೆಂದು ಅಂದಾಜು ಮಾಡಿದ್ದಾರೆ. ಬಾಗಿಲು ಕಾಯುವುದರ ಬೆಲೆ ಜಗತ್ತಿಗೆ ತಿಳಿದದ್ದು ಆಗ. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ಟು ದೊರೆತದ್ದು 1995ರ ಆಗಸ್ಟ್ 15ರಂದು. ಎಂದರೆ ನಮ್ಮ ಕೈಗೆ ಬರುವ ಹೊತ್ತಿಗಾಗಲೇ ಅದು ಕಳ್ಳರಿರುವ ಊರಾಗಿತ್ತು.

ಮಾಸ್ತರರು ನನಗೆ ಆದೇಶಗಳನ್ನು ಬಾಯಿಪಾಠ ಮಾಡಿಸಲಿಲ್ಲ. ಮೊದಲ ದಿನ ಒಂದು ಇನ್ನೂರು ಪುಟದ ನೋಟುಬುಕ್ಕು ತರಿಸಿದರು. ಅದರಲ್ಲಿ ಮೊದಲನೆಯ ಸಾಲು ಅವರೇ ಬರೆದರು: 'ಹೇಳದೆ ಇದ್ದದ್ದಕ್ಕೆಲ್ಲ ಬಾಗಿಲು ಬಂದ್.' ಯಾವುದು ಕೆಟ್ಟದ್ದೆಂದು ಪಟ್ಟಿ ಮಾಡಿ ಅದನ್ನಷ್ಟೇ ತಡೆಯಲು ಹೋದರೆ ಆ ಪಟ್ಟಿ ಎಂದಿಗೂ ಮುಗಿಯುವುದಿಲ್ಲ. ನಾಳೆ ಹುಟ್ಟುವ ಕಳ್ಳನ ಹೆಸರು ಇಂದಿನ ಪಟ್ಟಿಯಲ್ಲಿ ಇರುವುದಿಲ್ಲ. ಆದ್ದರಿಂದ ಎಲ್ಲವನ್ನೂ ಮುಚ್ಚಿ, ಬೇಕಾದದ್ದನ್ನು ಒಂದೊಂದಾಗಿ ತೆರೆಯಬೇಕು. ಕೇಳಲು ಸುಲಭ. ಮಾಡಲು ಕೂತಾಗ ತಿಳಿಯುತ್ತದೆ, ಯಾರಿಗೆ ಏನು ಬೇಕೆಂದು ನಮಗೆ ಗೊತ್ತೇ ಇರುವುದಿಲ್ಲವೆಂದು. ಲೈಬ್ರರಿಯವರಿಗೆ ಏನು ಬೇಕು, ಲೆಕ್ಕಪತ್ರದವರಿಗೆ ಏನು ಬೇಕು, ಪರೀಕ್ಷಾ ವಿಭಾಗದವರಿಗೆ ಏನು ಬೇಕು ಎಂದು ಕೇಳುತ್ತ ನಾನು ಆ ಸಂಸ್ಥೆಯ ಮೆಟ್ಟಿಲುಗಳನ್ನೆಲ್ಲ ಹತ್ತಿ ಇಳಿದೆ. ಎರಡು ವಾರದಲ್ಲಿ ಅಲ್ಲಿ ಹತ್ತು ವರ್ಷ ಕೆಲಸ ಮಾಡಿದವರಿಗಿಂತ ಹೆಚ್ಚು ಜನರ ಪರಿಚಯ ನನಗಾಗಿತ್ತು.

'ತಮ್ಮಾ, ಬಾಗಲಾ ಹಾಕೂದು ಯಾವ ದೊಡ್ಡ ಶಾಣ್ಯಾತನ? ಯಾರಿಗೆ ತಗೀಬೇಕು ಅನ್ನೂದು ತಿಳೀಬೇಕು' ಎನ್ನುತ್ತಿದ್ದರು ಮಾಸ್ತರರು. ತೆರೆದ ಪ್ರತಿ ಬಾಗಿಲಿಗೂ ನೋಟುಬುಕ್ಕಿನಲ್ಲಿ ಮೂರು ಸಂಗತಿ ಬರೆಯಬೇಕಿತ್ತು: ಯಾರು ಕೇಳಿದರು, ಯಾತಕ್ಕೆ, ಎಲ್ಲಿಯವರೆಗೆ. 'ನಾಳೆ ನೀ ಇರೂದಿಲ್ಲ, ನಾ ಇರೂದಿಲ್ಲ. ಬಾಗಲಾ ತೆಗದs ಇರತೈತಿ' ಎಂಬುದು ಅವರ ವಾದ. ಮುಂದೆ ನಾನು ಬೇರೆ ಬೇರೆ ಕಡೆ ಕೆಲಸ ಮಾಡುವಾಗ ಈ ಮಾತು ಎಷ್ಟು ನಿಜವೆಂದು ಕಂಡೆ. ಎಂದೋ ಬಿಟ್ಟುಹೋದ ಗುತ್ತಿಗೆದಾರನಿಗಾಗಿ ತೆರೆದ ಬಾಗಿಲುಗಳು ಹತ್ತು ವರ್ಷದ ಮೇಲೂ ಹಾಗೆಯೇ ತೆರೆದಿರುತ್ತವೆ. ಯಾಕೆಂದು ಹೇಳುವವರು ಯಾರೂ ಇರುವುದಿಲ್ಲ, ಮುಚ್ಚುವ ಧೈರ್ಯ ಯಾರಿಗೂ ಇರುವುದಿಲ್ಲ.

ಎರಡನೆಯ ಪಾಠ ಸಾಲುಗಳ ಅನುಕ್ರಮದ್ದು. ಯಂತ್ರ ನಿಯಮಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ. ಹೊಂದುವ ಮೊದಲನೆಯ ಸಾಲು ಸಿಕ್ಕೊಡನೆ ಅಲ್ಲಿಗೆ ನಿಲ್ಲುತ್ತದೆ. ಮೊದಲ ಸಾಲಿನಲ್ಲಿ 'ಪ್ರಯೋಗಾಲಯದವರನ್ನೆಲ್ಲ ಬಿಡು' ಎಂದು ಬರೆದು, ಐದನೆಯ ಸಾಲಿನಲ್ಲಿ 'ಏಳನೆಯ ಯಂತ್ರವನ್ನು ಬಿಡಬೇಡ' ಎಂದರೆ ಆ ಐದನೆಯ ಸಾಲು ಬರಿಯ ಅಲಂಕಾರ. ಸಣ್ಣ ಮಾತು ಮೇಲೆ, ದೊಡ್ಡ ಮಾತು ಕೆಳಗೆ.

ಮೂರನೆಯದು ತನ್ನನ್ನು ತಾನೇ ಹೊರಗೆ ಹಾಕಿಕೊಳ್ಳದಿರುವ ಪಾಠ. ದೂರದಲ್ಲಿ ಕೂತು ಅಗಸಿಯ ನಿಯಮ ತಿದ್ದುವಾಗ ಒಂದು ಸಾಲು ತಪ್ಪಿದರೆ ತಿದ್ದುವವನೇ ಹೊರಗುಳಿಯುತ್ತಾನೆ. ಕೀಲಿ ಒಳಗಿಟ್ಟು ಬಾಗಿಲೆಳೆದುಕೊಂಡ ಹಾಗೆ. ಅದಕ್ಕೆ ಮಾಸ್ತರರು ಮೊದಲು ಒಂದು ಆದೇಶ ಕೊಡುತ್ತಿದ್ದರು: 'ಐದು ನಿಮಿಷದ ಮೇಲೆ ಹಳೆಯ ನಿಯಮಗಳನ್ನು ನೀನಾಗಿಯೇ ಮರಳಿ ಹಾಕು.' ಆಮೇಲೆ ಹೊಸ ನಿಯಮ. ಎಲ್ಲ ಸರಿಯಿದ್ದರೆ ಐದು ನಿಮಿಷದೊಳಗೆ ಮೊದಲ ಆದೇಶ ರದ್ದು; ಸರಿಯಿಲ್ಲದಿದ್ದರೆ ಒಂದು ಚಹಾ ಕುಡಿದು ಬಂದರೆ ಬಾಗಿಲು ಮತ್ತೆ ತೆರೆದಿರುತ್ತಿತ್ತು.

ನಮ್ಮ ಅಗಸಿಗೆ ಎರಡು ತಿಂಗಳು ತುಂಬುವ ಮೊದಲೇ ಪರೀಕ್ಷೆ ಬಂತು. 2003ರ ಜನವರಿ 25, ಶನಿವಾರ. ನಮ್ಮ ಗಡಿಯಾರದಲ್ಲಿ ಬೆಳಗಿನ ಹನ್ನೊಂದರ ಸುಮಾರಿಗೆ ಇಂಟರ್ನೆಟ್ಟು ಕುಂಟತೊಡಗಿತು. ಸ್ಲ್ಯಾಮರ್ ಎಂದು ಮುಂದೆ ಹೆಸರಾದ ಆ ಹುಳುವಿನ ಗಾತ್ರ ಬರಿಯ 376 ಬೈಟು. ಈ ಪ್ಯಾರಾದ ಅರ್ಧದಷ್ಟೂ ಇಲ್ಲ. 1434ನೆಯ ಬಾಗಿಲಿನಿಂದ ಮೈಕ್ರೋಸಾಫ್ಟ್ ಕಂಪನಿಯ ದತ್ತಾಂಶದ ಸರ್ವರುಗಳಿಗೆ ನುಗ್ಗುತ್ತಿದ್ದ ಅದು, ಸೋಂಕಬಹುದಾಗಿದ್ದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತನ್ನು ಹತ್ತೇ ನಿಮಿಷದಲ್ಲಿ ಮುಟ್ಟಿತ್ತೆಂದು ಆಮೇಲೆ ಲೆಕ್ಕ ಹಾಕಿದವರು ಹೇಳಿದರು. ಮಾಸ್ತರರು ಲಾಗ್ ತೆರೆದರು. ಅಗಸಿಯಲ್ಲಿ ತಡೆದವರ ಪಟ್ಟಿ ಪರದೆಯ ಮೇಲೆ ಏರುತ್ತಿತ್ತು. ಬೇರೆ ಬೇರೆ ದೇಶದ ವಿಳಾಸಗಳು, ಬಾಗಿಲು ಮಾತ್ರ ಎಲ್ಲರದೂ ಅದೇ 1434. ಒಳಗೆ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆಂದು ಇಟ್ಟ ಅಂಥದೇ ಒಂದು ಸರ್ವರಿತ್ತು. ನಮ್ಮ ನೋಟುಬುಕ್ಕಿನಲ್ಲಿ 1434ನ್ನು ತೆರೆಯಲು ಯಾರೂ ಕೇಳಿರಲಿಲ್ಲ. ಆದ್ದರಿಂದ ಅದು ಮುಚ್ಚಿತ್ತು. ಸರ್ವರು ಉಳಿಯಿತು. ಹುಳುವಿನ ಹೆಸರು ಜಗತ್ತಿಗೆ ತಿಳಿಯುವ ಮೊದಲೇ ಅದನ್ನು ತಡೆದದ್ದು ಆ ಮೊದಲನೆಯ ಸಾಲು.

ಊರಿನ ಇನ್ನೊಂದು ಕಚೇರಿಯಲ್ಲಿ ಅದೃಷ್ಟ ಹಾಗಿರಲಿಲ್ಲ. ಅಲ್ಲಿ ಸೋಂಕಿದ್ದು ಒಂದೇ ಯಂತ್ರ. ಅದು ಹೊರಗೆ ಎಸೆಯುತ್ತಿದ್ದ ಪೊಟ್ಟಣಗಳು ವಿಳಾಸವೂ ಸೇರಿ 404 ಬೈಟಿನವು. 64 ಕಿಲೋಬಿಟ್ಟಿನ ದಾರಿಯಲ್ಲಿ ಸೆಕೆಂಡಿಗೆ ಇಂಥ ಇಪ್ಪತ್ತು ಪೊಟ್ಟಣ ಹೊರಟರೆ ದಾರಿಯೇ ತುಂಬುತ್ತದೆ; ಲೆಕ್ಕ ನೀವೇ ಹಾಕಿ ನೋಡಬಹುದು. ಮಾಸ್ತರರು ಸೈಕಲ್ಲೇರಿ ಹೋಗಿ ಆ ಯಂತ್ರದ ತಂತಿ ಕಿತ್ತರು, ಆಮೇಲೆ ತೇಪೆ ಹಾಕಿದರು. ಆ ತೇಪೆಯನ್ನು ಕಂಪನಿಯವರು 2002ರ ಜುಲೈಯಲ್ಲೇ, ಎಂದರೆ ಆರು ತಿಂಗಳ ಹಿಂದೆಯೇ ಕೊಟ್ಟಿದ್ದರು. ಅಂದು ನಾನು ಎರಡು ಸಂಗತಿ ತಿಳಿದುಕೊಂಡೆ. ಒಳಬರುವುದನ್ನು ತಡೆದಂತೆ ಹೊರಹೋಗುವುದನ್ನೂ ನೋಡಬೇಕು, ನಮ್ಮ ಮನೆಯ ರೋಗ ಓಣಿಗೆ ಹಬ್ಬಬಾರದು. ಅಗಸಿ ಎಷ್ಟು ಗಟ್ಟಿಯಿದ್ದರೂ ಒಳಗಿನ ಯಂತ್ರಗಳಿಗೆ ಕಾಲಕಾಲಕ್ಕೆ ತೇಪೆ ಹಾಕುವುದು ತಪ್ಪುವುದಿಲ್ಲ.

ಇನ್ನು ಹೇಳಲಿರುವುದು ತಂತ್ರಜ್ಞಾನದ ಮಾತಲ್ಲ. ಹೇಳದೆ ಬಿಟ್ಟರೆ ಈ ಬರಹ ಅಪೂರ್ಣವಾಗುತ್ತದೆ.

ಅಗಸಿಯ ಯಂತ್ರದ ಪಕ್ಕದಲ್ಲಿ ಇನ್ನೊಂದು ಯಂತ್ರವಿತ್ತು, ಪ್ರಾಕ್ಸಿ ಎಂದು ಅದರ ಹೆಸರು. ಮಕ್ಕಳು ನೋಡುವ ಪುಟಗಳೆಲ್ಲ ಅದರ ಮೂಲಕವೇ ಬರಬೇಕು. ನಾನು ಸೇರುವ ಮೊದಲೇ ಆಡಳಿತದವರು ಅದಕ್ಕೊಂದು ನಿಷಿದ್ಧ ಶಬ್ದಗಳ ಪಟ್ಟಿ ಹಾಕಿಸಿದ್ದರು. ವಿಳಾಸದಲ್ಲಿ ಆ ಶಬ್ದವಿದ್ದರೆ ಪುಟ ತೆರೆಯುತ್ತಿರಲಿಲ್ಲ. ಅಷ್ಟೇ ಆಗಿದ್ದರೆ ಇರಲಿ ಎನ್ನಬಹುದಿತ್ತು. ತಿಂಗಳಿಗೊಮ್ಮೆ ಕಚೇರಿಯವರು ಲಾಗ್ ಮುದ್ರಿಸಿಕೊಂಡು, 'ನಿಷಿದ್ಧ ತಾಣಗಳನ್ನು ನೋಡಲು ಯತ್ನಿಸಿದವರು' ಎಂದು ರೋಲ್ ನಂಬರುಗಳನ್ನು ನೋಟೀಸು ಬೋರ್ಡಿಗೆ ಅಂಟಿಸುತ್ತಿದ್ದರು. ಹುಡುಗರು ಅದರ ಮುಂದೆ ನಿಂತು ನಗುತ್ತಿದ್ದರು.

ಒಂದು ದಿನ ಎರಡನೆಯ ವರ್ಷದ ಒಬ್ಬ ಹುಡುಗಿ ಪ್ರಯೋಗಾಲಯದ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರಲಿಲ್ಲ. ಮಾಸ್ತರರ ಕಡೆಗೂ ನೋಡದೆ, 'ಸರ, ನನ್ನ ನಂಬರ್ ಅಷ್ಟು ತಗಸ್ರಿ. ಶನಿವಾರ ಅಪ್ಪಾ ಫೀ ಕಟ್ಟಾಕ ಬರತಾರ' ಎಂದಳು. ಯಾಕೆ, ಏನು ಎಂದು ಮಾಸ್ತರರು ಕೇಳಲಿಲ್ಲ. 'ಆತು, ನೀ ಹೋಗವ್ವಾ' ಎಂದರು. ಅವಳು ಹೋದ ಮೇಲೆ ಲಾಗ್ ತೆರೆದರು. ಒಂದೇ ಮಧ್ಯಾಹ್ನ ಏಳು ಸಲ ಅವಳನ್ನು ತಡೆಯಲಾಗಿತ್ತು. ಏಳು ಸಲವೂ ಅವಳು ಹುಡುಕಿದ್ದು ಸ್ತನದ ಕ್ಯಾನ್ಸರಿನ ಲಕ್ಷಣ, ಚಿಕಿತ್ಸೆ, ಶಸ್ತ್ರಕ್ರಿಯೆಯ ಖರ್ಚು. ಪಟ್ಟಿಯಲ್ಲಿದ್ದ ಶಬ್ದ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಯಂತ್ರಕ್ಕೆ ಶಬ್ದ ಕಾಣುತ್ತದೆ, ಸಂಕಟ ಕಾಣುವುದಿಲ್ಲ.

ಮಾಸ್ತರರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಏಳು ಸಾಲುಗಳನ್ನಷ್ಟೇ ಮುದ್ರಿಸಿ, ನಂಬರಿದ್ದ ಅಂಚನ್ನು ಕತ್ತರಿಯಿಂದ ಕತ್ತರಿಸಿ, ನನ್ನನ್ನೂ ಕರೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದರು. ಕಾಗದವನ್ನು ಮೇಜಿನ ಮೇಲಿಟ್ಟು, 'ಸಾಹೇಬ್ರ, ನಮ್ಮ ಬೋರ್ಡಿನ ಮ್ಯಾಲೆ ಇದಕ್ಕ ನಿಷಿದ್ಧ ಅಂತ ಬರದೀವ್ರಿ' ಎಂದರು. ಪ್ರಿನ್ಸಿಪಾಲರು ಎರಡು ಸಲ ಓದಿದರು. ಎದ್ದು ತಾವೇ ಹೋಗಿ ಬೋರ್ಡಿನ ಮೇಲಿದ್ದ ಹಾಳೆಯನ್ನು ಹರಿದು ತಂದರು. ಶನಿವಾರ ಆ ಹುಡುಗಿಯ ತಂದೆ ಬಂದು ಫೀ ತುಂಬಿ ಹೋಗುವಾಗ ಬೋರ್ಡಿನ ಮೇಲೆ ಇದ್ದದ್ದು ಕಬಡ್ಡಿ ಪಂದ್ಯದ ಪ್ರಕಟಣೆಯೊಂದೇ.

ಅಂದಿನಿಂದ ಆ ಸಂಸ್ಥೆಯಲ್ಲಿ ಶಬ್ದದ ಪಟ್ಟಿ ಹೋಯಿತು. ಲಾಗ್ ನೋಡುವ ಅಧಿಕಾರ ಇಬ್ಬರಿಗೆ ಮಾತ್ರ ಉಳಿಯಿತು. ಅದೂ ಜಾಲಕ್ಕೆ ತೊಂದರೆಯಾದಾಗ, ತೊಂದರೆಗೆ ಬೇಕಾದಷ್ಟೇ. ಆ ಹುಡುಗಿ ಯಾರಿಗಾಗಿ ಹುಡುಕುತ್ತಿದ್ದಳೋ ನನಗೆ ಗೊತ್ತಿಲ್ಲ. ಮುಂದೆ ಎರಡು ವರ್ಷ ಅವಳು ದಿನವೂ ಎದುರಿಗೆ ಸಿಗುತ್ತಿದ್ದಳು. ನಾನು ಕೇಳಲಿಲ್ಲ; ಕೇಳುವ ಹಕ್ಕು ನನಗಿರಲಿಲ್ಲ. ಅಂಚೆಯವನು ಕಾರ್ಡು ಓದಿ ಊರಿಗೆ ಹೇಳುತ್ತ ಹೋಗಬಾರದು. ಈ ವೃತ್ತಿಗೆ ಬರುವ ಮಕ್ಕಳಿಗೆ ನಾನು ಹೇಳುವ ಮೊದಲ ಮಾತು ಇದು: ಅಗಸಿಯಲ್ಲಿ ಕೂತವನಿಗೆ ಯಾರು ಎಲ್ಲಿಗೆ ಹೋದರೆಂದು ಕಾಣುತ್ತದೆ, ಆದರೆ ಅವನು ಕೂತಿರುವುದು ಅದಕ್ಕಲ್ಲ.

ಲಾಗ್ ಬೇಡವೇ ಎಂದರೆ ಖಂಡಿತ ಬೇಕು. ನಮ್ಮ ದೇಶದ ಕಂಪ್ಯೂಟರ್ ತುರ್ತುಪಡೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಸಂಸ್ಥೆಗಳು 180 ದಿನಗಳ ಲಾಗ್ ಕಾದಿಡಬೇಕೆಂದೂ, ದಾಳಿಯಾದದ್ದು ತಿಳಿದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದೂ ಹೇಳಿದೆ. ಕಾದಿಡುವುದು ಕರ್ತವ್ಯ, ಬೋರ್ಡಿಗೆ ಅಂಟಿಸುವುದು ಅಲ್ಲ. ಇಂದು ಬಹುಪಾಲು ಪುಟಗಳು ಗೂಢಲಿಪಿಯಲ್ಲಿ ಓಡಾಡುವುದರಿಂದ ಅಗಸಿಗೆ ಯಾವ ತಾಣವೆಂದು ಸಾಮಾನ್ಯವಾಗಿ ತಿಳಿಯುತ್ತದೆಯೇ ಹೊರತು ಅಲ್ಲಿ ಏನು ಓದಿದರೆಂದು ತಿಳಿಯುವುದಿಲ್ಲ. ಇದು ಒಳ್ಳೆಯದೇ ಆಯಿತು.

ಅಗಸಿಯೊಂದಿದ್ದರೆ ಸಾಕೆಂದು ನಂಬಿ ಕೂತವರೂ ಇದ್ದಾರೆ. 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳನ್ನು ದಾಳಿಕೋರರು ಗೂಢಲಿಪಿಯಲ್ಲಿ ಬಂಧಿಸಿಬಿಟ್ಟರು. ಹಲವು ದಿನ ವೈದ್ಯರು, ಗುಮಾಸ್ತರು ಎಲ್ಲವನ್ನೂ ಕೈಯಲ್ಲಿ ಬರೆಯಬೇಕಾಯಿತು. ಜಾಲವನ್ನು ಸರಿಯಾಗಿ ಭಾಗ ಮಾಡಿರದಿದ್ದುದು ಇದಕ್ಕೆ ಕಾರಣವೆಂದು ಸರಕಾರವೇ ರಾಜ್ಯಸಭೆಗೆ ತಿಳಿಸಿತು. ನಮ್ಮ ಹಳೆಯ ವಾಡೆಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತಲೆಬಾಗಿಲು ದಾಟಿದವನು ಪಡಸಾಲೆಯಲ್ಲಿ ಕೂರುತ್ತಾನೆ. ನಡುಮನೆಗೆ ಬೇರೆ ಬಾಗಿಲು, ಕಾಳಿನ ಕೋಣೆಗೆ ಬೇರೆ ಕೀಲಿ. ಆಸ್ಪತ್ರೆಯಾಗಲಿ ಕಾಲೇಜಾಗಲಿ, ಬಂದವರ ಮೊಬೈಲು ಸೇರುವ ಜಾಲವೂ, ರೋಗಿಯ ದಾಖಲೆ ಇಲ್ಲವೆ ಅಂಕಪಟ್ಟಿ ಇರುವ ಜಾಲವೂ ಒಂದೇ ಆಗಿರಬಾರದು.

ಇದನ್ನು ಕಲಿಯಲು ಎಲ್ಲಿಗೆ ಹೋಗಬೇಕೆಂದು ಮಕ್ಕಳು ಕೇಳುತ್ತಾರೆ. ಅವಳಿನಗರದಲ್ಲಿ ಇಂದು ವಿದ್ಯೆಗೆ ಕೊರತೆಯಿಲ್ಲ. 1947ರಲ್ಲಿ ಶುರುವಾದ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಧಾರವಾಡಕ್ಕೆ ಬಂದವು. ಆದರೆ ಇದರ ಮೊದಲ ಪಾಠಕ್ಕೆ ಇವು ಯಾವುವೂ ಬೇಕಿಲ್ಲ. ಮನೆಯಲ್ಲೊಂದು ಹಳೆಯ ಕಂಪ್ಯೂಟರು, ಎರಡು ನೆಟ್‌ವರ್ಕ್ ಕಾರ್ಡು, ಎರಡು ಮೊಳ ತಂತಿ ಸಾಕು. ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಎಂಬ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ; ಲಿನಕ್ಸ್ ಅಂತೂ ಇದ್ದೇ ಇದೆ. ಹಳೆಯ ಯಂತ್ರವೂ ಇಲ್ಲವೆಂದರೆ ಒಂದೇ ಕಂಪ್ಯೂಟರಿನೊಳಗೆ ಮೂರು ಕಾಲ್ಪನಿಕ ಯಂತ್ರಗಳನ್ನು ಮಾಡಿಕೊಂಡು, ಒಂದನ್ನು ಹೊರಗು, ಒಂದನ್ನು ಒಳಗು, ನಡುವಿನದನ್ನು ಅಗಸಿ ಎಂದು ಹೆಸರಿಟ್ಟು ಅಭ್ಯಾಸ ಮಾಡಬಹುದು. ಎಲ್ಲ ಮುಚ್ಚಿ, ಒಂದೊಂದೇ ತೆರೆಯಿರಿ. ತೆರೆದಾಗ ಏನಾಯಿತು, ಮುಚ್ಚಿದಾಗ ಏನು ನಿಂತಿತು ಎಂದು ನೋಟುಬುಕ್ಕಿನಲ್ಲಿ ಬರೆಯಿರಿ. ಒಂದು ಬೇಸಿಗೆಯ ರಜೆಯಲ್ಲಿ ನಿಮಗೆ ಬರುವ ತಿಳಿವು ದೊಡ್ಡ ಪುಸ್ತಕಗಳನ್ನು ಅರ್ಥಮಾಡಿಕೊಳ್ಳಲು ಸಾಕಾಗುತ್ತದೆ.

ಒಂದು ಎಚ್ಚರಿಕೆ. ಅಭ್ಯಾಸವೆಲ್ಲ ನಿಮ್ಮ ಸ್ವಂತ ಯಂತ್ರದ ಮೇಲೆ. ಪಕ್ಕದ ಮನೆಯ ಚಿಲಕ ಗಟ್ಟಿಯಿದೆಯೇ ಎಂದು ಅಲ್ಲಾಡಿಸಿ ನೋಡುವುದು ಕುತೂಹಲವಾದರೂ ಕಾನೂನಿಗೆ ಅದು ಅಪರಾಧ. ಪರವಾನಗಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ದುರುದ್ದೇಶದಿಂದ ಕೈಹಾಕಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೆಯ ಕಲಮಿನಂತೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ಈಗ ತಂದೆತಾಯಿಗಳ ಮಾತು. ದುರ್ಗದಬೈಲಿನಲ್ಲಿ ಅಂಗಡಿ ಇಟ್ಟುಕೊಂಡ ನನ್ನ ಪರಿಚಯದವರೊಬ್ಬರು ಹೋದ ವರ್ಷ ಮನೆಗೆ ಬಂದರು. 'ಸರ, ಮಗಾ ಪಿಯುಸಿ. ಪುಸ್ತಕಾ ಹಿಡಿಯೂದು ಕಡಿಮಿ, ಫೋನ್ ಹಿಡಿಯೂದು ಭಾಳ. ನೀವು ದೊಡ್ಡ ದೊಡ್ಡ ಕಡೆ ಹಾಕೀರಂತಲ್ರಿ, ಆ ಬೆಂಕಿ ಗ್ವಾಡಿ, ನಮ್ಮ ಮನಿಗೂ ಒಂದು ಹಾಕಿಕೊಡ್ರಿ' ಎಂದರು. ಹಾಕುವುದು ಕಷ್ಟವಲ್ಲ. ಆದರೆ ನಾನು ಅವರಿಗೆ ನಿಜ ಹೇಳಿದೆ. ಮನೆಯ ವೈಫೈಗೆ ಅಗಸಿ ಕಟ್ಟಿದರೆ ಹುಡುಗ ಫೋನಿನ ಸಿಮ್ಮಿನ ಮೇಲೆ ಹೋಗುತ್ತಾನೆ. ಅದು ಹಿತ್ತಲ ಬಾಗಿಲು. ಅದನ್ನೂ ಮುಚ್ಚಿದರೆ ಗೆಳೆಯನ ಫೋನಿದೆ. ಇಂದಲ್ಲ ನಾಳೆ ಅವನು ಓದಲು ಬೆಂಗಳೂರಿಗೋ ಪುಣೆಗೋ ಹೋಗುತ್ತಾನೆ, ಆಗ ನಿಮ್ಮ ಗೋಡೆ ಹುಬ್ಬಳ್ಳಿಯಲ್ಲೇ ಉಳಿಯುತ್ತದೆ. ಸಣ್ಣ ಮಕ್ಕಳಿಗೆ ಬಾಗಿಲು ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹದಿನೇಳರ ಹುಡುಗನಿಗೆ ಕೀಲಿ ಹಿಡಿಯುವುದನ್ನು ಕಲಿಸಬೇಕು.

ಅವರಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಮುಂದಿನ ಭಾನುವಾರ ಮಗನನ್ನು ಕರೆದುಕೊಂಡು ಬಂದರು. ಹುಡುಗ ಮುಖ ಗಂಟಿಕ್ಕಿಕೊಂಡೇ ಕೂತಿದ್ದ. ನಾನು ಇಬ್ಬರ ನಡುವೆ ಒಂದು ನೋಟುಬುಕ್ಕು ಇಟ್ಟು, ಮನೆಯ ಜಾಲಕ್ಕೆ ನಿಯಮಗಳನ್ನು ನೀವಿಬ್ಬರೇ ಬರೆಯಿರಿ, ಹುಡುಗನೇ ಅದನ್ನು ಯಂತ್ರಕ್ಕೆ ಹಾಕಲಿ, ನಾನು ಬರಿ ನೋಡುತ್ತೇನೆ ಎಂದೆ. ಹಾಕುವವನು ತಾನೇ ಎಂದಾಗ ಹುಡುಗ ತಲೆಯೆತ್ತಿದ. ರಾತ್ರಿ ಹತ್ತೂವರೆಯ ಮೇಲೆ ಬಂದ್ ಎಂದು ತಂದೆ ಬರೆಸಿದರು. ಪರೀಕ್ಷೆ ಹತ್ತಿರ ಬಂದಾಗ ಪಾಠದ ವಿಡಿಯೋಗಳಿಗೆ ಹನ್ನೊಂದೂವರೆಯವರೆಗೆ ಬೇಕೆಂದು ಮಗ ವಾದಿಸಿದ. ಅರ್ಧ ಗಂಟೆ ಎಳೆದಾಡಿ ಹನ್ನೊಂದಕ್ಕೆ ನಿಂತರು. ಪ್ರತಿ ಸಾಲಿಗೂ ಯಾರು ಕೇಳಿದರು, ಯಾತಕ್ಕೆ, ಎಲ್ಲಿಯವರೆಗೆ ಎಂದು ಬರೆಸಿದೆ. ನಿಯಮಗಳು ಮನೆಯ ಎಲ್ಲ ಫೋನುಗಳಿಗೂ ಒಂದೇ ಎಂದು ಹುಡುಗ ಹಟ ಹಿಡಿದ. ಹತ್ತೂವರೆಯ ಮೇಲೆ ಸುದ್ದಿ ನೋಡುವ ರೂಢಿಯಿದ್ದ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ 'ಆತು, ಬರಿ' ಎಂದರು.

ಕೊನೆಯ ಸಾಲು ಹುಡುಗನದು. 'ಕೆವೈಸಿ ಮುಗದೈತಿ, ಬಹುಮಾನ ಬಂದೈತಿ ಅಂತ ಬರೂ ಯಾವ ಲಿಂಕನ್ನೂ ಅಪ್ಪಾ ನನಗ ತೋರಸದs ಒತ್ತಬಾರದು' ಎಂದು ಬರೆದ. ಯಾರು ಕೇಳಿದರು ಎಂಬಲ್ಲಿ ತನ್ನ ಹೆಸರು ಹಾಕಿದ. ಯಾತಕ್ಕೆ ಎಂಬಲ್ಲಿ 'ಅಂಗಡಿ ದುಡ್ಡು' ಎಂದು ಬರೆದ. ಎಲ್ಲಿಯವರೆಗೆ ಎಂಬಲ್ಲಿ ಪೆನ್ನು ನಿಲ್ಲಿಸಿ ತಂದೆಯ ಮುಖ ನೋಡಿದ. ತಂದೆ ನೋಟುಬುಕ್ಕು ಎಳೆದುಕೊಂಡು 'ನೀ ನೌಕರಿ ಹಿಡಿಯೂ ತನಕ' ಎಂದು ತಾವೇ ಬರೆದು, ಕೆಳಗೆ ಅಂಗಡಿಯ ಬಿಲ್ಲಿನ ಮೇಲೆ ಹಾಕುವ ಹಾಗೆ ಸಹಿ ಹಾಕಿದರು.